ಮೂರನೆಯ ಭಾಗ, ಭೋಂಗಾದ ನಂತರ

ಮಾಸ್ತರರ ಸಿಂಫನಿಯ ಮೂರನೆಯ ಭಾಗವನ್ನು ಕೊನೆಯವರೆಗೆ ಕೇಳಿದವರು ಕೆಲವೇ ಜನ. ಅವರಲ್ಲಿ ನಾನೂ ಒಬ್ಬ. ಅದನ್ನು ಮೊದಲ ಬಾರಿ ನುಡಿಸಿದ ದಿನ ನಾನು ಅಲ್ಲಿದ್ದೆ. ಎರಡನೆಯ ಮತ್ತು ಕೊನೆಯ ಬಾರಿ ನುಡಿಸಿದ ದಿನವೂ ಇದ್ದೆ. ನಡುವಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಮಾಸ್ತರರ ಮನೆಯ ಟ್ರಂಕಿನ ತಳದಲ್ಲಿ, ಹಳೆಯ ಹಾಸಿಗೆ ಬಟ್ಟೆಗಳ ಕೆಳಗೆ ಇತ್ತು.

ಕರ್ನಾಟಕದ ಒಂದು ದಿನಪತ್ರಿಕೆಗೆ ನಾನು ಹೈದರಾಬಾದಿನಿಂದ ಸುದ್ದಿ ಕಳಿಸುತ್ತಿದ್ದೆ. ಅಣ್ಣ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಲೇಥ್ ಆಪರೇಟರ್ ಆಗಿದ್ದ. ಮೊದಲ ವರ್ಷಗಳಲ್ಲಿ ಅವನ ಕ್ವಾರ್ಟರ್ಸಿನ ಮುಂದಿನ ಕೋಣೆ ನನ್ನದಾಗಿತ್ತು. ಆ ಕಾರ್ಖಾನೆಗೆ ಒಂದು ವಾದ್ಯವೃಂದವಿತ್ತು. ಅದನ್ನು ಕಟ್ಟಿದವರು ಮಾಸ್ತರರು. ಹುಬ್ಬಳ್ಳಿಯ ರೈಲ್ವೆ ಕುಟುಂಬದವರು, ಅಲ್ಲಿಯ ಬ್ಯಾಂಡಿನವರೊಬ್ಬರಿಂದ ಪಿಟೀಲನ್ನೂ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿತವರು. ಹಗಲು ಗುಣಮಟ್ಟ ವಿಭಾಗದಲ್ಲಿ ಬೋಲ್ಟುಗಳ ಅಳತೆ ನೋಡುತ್ತಿದ್ದರು. ಉಳಿದ ಹೊತ್ತಿನಲ್ಲಿ ನಾಲ್ಕು ಭಾಗಗಳ ಒಂದು ಸಿಂಫನಿ ಬರೆಯುತ್ತಿದ್ದರು.

ವೃಂದದಲ್ಲಿ ಎಲ್ಲ ಕಡೆಯವರೂ ಇದ್ದರು. ಪಿಟೀಲಿನವರಲ್ಲಿ ಕೆಲವರು ಚರ್ಚಿನಲ್ಲಿ ಕಲಿತವರು, ಹಿತ್ತಾಳೆಯ ವಾದ್ಯದವರು ಮದುವೆ ಬ್ಯಾಂಡುಗಳಿಂದ ಬಂದವರು. ಅರ್ಧ ಜನ ಗೆರೆಗಳ ಮೇಲಿನ ಲಿಪಿ ಓದುತ್ತಿದ್ದರು. ಉಳಿದವರಿಗೆ ಮಾಸ್ತರರು ಸಾ ರೀ ಗಾ ಎಂದು ಬೇರೆಯಾಗಿ ಬರೆದು ಕೊಡುತ್ತಿದ್ದರು. ಮೂರು ಶಿಫ್ಟಿನ ಜನರನ್ನು ಒಂದೇ ಹೊತ್ತಿಗೆ ಸೇರಿಸುವುದು ಸಾಧ್ಯವಿರಲಿಲ್ಲ. ಹಾಗಾಗಿ ಬೆಳಗಿನ ಶಿಫ್ಟಿನವರಿಗೆ ಸಂಜೆ, ಮಧ್ಯಾಹ್ನದವರಿಗೆ ಬೆಳಿಗ್ಗೆ, ಅವರವರ ತುಣುಕನ್ನು ಅವರವರಿಗೆ ಕಲಿಸುತ್ತಿದ್ದರು. ಬಿಡಿಭಾಗಗಳನ್ನು ಬೇರೆ ಬೇರೆ ಶಾಪಿನಲ್ಲಿ ಮಾಡಿ ಕೊನೆಗೆ ಜೋಡಿಸುವುದು ಅಲ್ಲಿನವರ ದಿನದ ಕೆಲಸ. ಯಾರಿಗೂ ಇದು ವಿಚಿತ್ರ ಎನಿಸಲಿಲ್ಲ. ಇಡೀ ಸಿಂಫನಿ ಒಟ್ಟಿಗೆ ಹೇಗೆ ಕೇಳಿಸುತ್ತದೆ ಎಂಬುದು ಮಾಸ್ತರರ ತಲೆಯಲ್ಲಿ ಮಾತ್ರ ಇತ್ತು.

ಅಭ್ಯಾಸ ಕ್ಯಾಂಟೀನಿನಲ್ಲಿ ನಡೆಯುತ್ತಿತ್ತು. ಅದರ ಪಕ್ಕದ ಕಟ್ಟಡದ ಮೇಲೆಯೇ ಶಿಫ್ಟಿನ ಸೈರನ್. ಅದಕ್ಕೆ ಎಲ್ಲರೂ ಭೋಂಗಾ ಅನ್ನುತ್ತಿದ್ದರು. ಭೋಂಗಾ ಆದರೆ ಅಭ್ಯಾಸ ಮುಗಿದಂತೆ. ಯಾವ ಸ್ವರದ ನಡುವೆ ಇದ್ದರೂ ಎದ್ದು ಹೋಗುವುದೇ. ಒಂದು ದಿನ ಮಾಸ್ತರರಿಗೆ ಭೋಂಗಾ ಕೆಳಗಿನಿಂದ ಏರಿ ಬಂದು ಒಂದು ಸ್ವರದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಗೊತ್ತಾಯಿತು. ಅದನ್ನು ಮೂರನೆಯ ಭಾಗದೊಳಗೆ ಬರೆದುಕೊಂಡರು.

"ತಪ್ಪಿಸಿಕೊಳ್ಳಾಕ ಆಗದ್ದನ್ನ ಒಳಗ ಕರಕೊಂಡು ಕುಂದ್ರಸೂದು ಚಲೋ," ಎಂದು ಅಣ್ಣನಿಗೆ ಹೇಳಿದ್ದರು.

ಆ ಭಾಗದಲ್ಲಿ ಮುಖ್ಯ ಕೆಲಸ ಕ್ಲಾರಿನೆಟ್ಟಿನದು. ಅದನ್ನು ಊದುತ್ತಿದ್ದವರು ಬೀದರಿನ ಕಡೆಯವರು. ಅವರ ಅಪ್ಪ ಮತ್ತು ಕಾಕಾ ಮದುವೆ ಬ್ಯಾಂಡಿನವರು, ಇವರು ಫೋರ್ಜ್ ವಿಭಾಗದಲ್ಲಿ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಯಂತ್ರದ ಸುತ್ತಿಗೆಗೆ ಒಡ್ಡುತ್ತಿದ್ದವರು. ಉಳಿದ ವಾದ್ಯಗಳು ಒಂದೊಂದಾಗಿ ನಿಲ್ಲುತ್ತ ಹೋದಂತೆ ಕ್ಲಾರಿನೆಟ್ ಒಂದೇ ಮೇಲೇರಿ ಒಂದು ಸ್ವರವನ್ನು ಹಿಡಿದು ನಿಲ್ಲಬೇಕು. ಅವರ ಉಸಿರು ಮುಗಿಯುವಷ್ಟರಲ್ಲಿ ಭೋಂಗಾ ಬಂದು ಅದೇ ಸ್ವರವನ್ನು ಅವರ ಕೈಯಿಂದ ತೆಗೆದುಕೊಳ್ಳಬೇಕು. ಭೋಂಗಾ ಇಳಿದ ಮೇಲೆ ಎಲ್ಲರೂ ಸೇರಿ ಎರಡನೆಯ ಅರ್ಧ.

ಕಾರ್ಖಾನೆಯ ಸ್ಥಾಪನಾ ದಿನ ಮಧ್ಯಾಹ್ನ ಅದೇ ಕ್ಯಾಂಟೀನಿನಲ್ಲಿ ಕಾರ್ಯಕ್ರಮ. ಎರಡು ಗಂಟೆಯ ಭೋಂಗಾಕ್ಕೆ ಸರಿಯಾಗಿ ಕೂಡುವಂತೆ ಮಾಸ್ತರರು ಹೊತ್ತು ಹೊಂದಿಸಿದ್ದರು. ಮಧ್ಯಾಹ್ನದ ಶಿಫ್ಟಿನವರು ಅಂದು ಅರ್ಧ ಗಂಟೆ ತಡವಾಗಿ ಹೋಗಬಹುದು ಎಂದು ಆರಂಭದಲ್ಲೇ ಮೈಕಿನಲ್ಲಿ ತೆಲುಗಿನಲ್ಲೂ ಹಿಂದಿಯಲ್ಲೂ ಸಾರಿದ್ದರು. ಎಲ್ಲರೂ ಅದನ್ನು ಕೇಳಿದ್ದರು.

ಕ್ಲಾರಿನೆಟ್ ಏರಿತು, ನಿಂತಿತು. ಭೋಂಗಾ ಬಂತು. ಕ್ಲಾರಿನೆಟ್ ಎಲ್ಲಿ ಬಿಟ್ಟಿತು, ಭೋಂಗಾ ಎಲ್ಲಿ ಹಿಡಿಯಿತು ಎಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸಭೆ ಎದ್ದಿತು. ಯಾರೂ ಮುನಿಸಿಕೊಂಡು ಎದ್ದದ್ದಲ್ಲ, ಬೇಸರದಿಂದಲೂ ಅಲ್ಲ. ಭೋಂಗಾ ಆಯಿತು, ಎದ್ದರು. ಕುರ್ಚಿ ಸರಿಸಿ, ಟಿಫಿನ್ ಡಬ್ಬಿ ಎತ್ತಿಕೊಂಡು, ಅರ್ಧ ಜನ ಮನೆಯ ಕಡೆ, ಅರ್ಧ ಜನ ಶಾಪಿನ ಕಡೆ ಹೊರಟರು. ವೇದಿಕೆಯಿಂದಲೂ ಕೆಲವರು ಎದ್ದರು. ಕ್ಲಾರಿನೆಟ್ಟಿನವರು ಅವರಲ್ಲಿ ಮೊದಲಿಗರು. ಗೇಟಿನ ಹತ್ತಿರ ಹಾಜರಿ ಕಾರ್ಡು ಒತ್ತುವ ಯಂತ್ರದವರೆಗೆ ನಡೆದು, ಕಾರ್ಡು ತೂರಿಸಲು ಕೈ ಚಾಚಿದಾಗ ಕೈಯಲ್ಲಿ ಕ್ಲಾರಿನೆಟ್ ಇರುವುದನ್ನು ನೋಡಿದರಂತೆ. ಓಡುತ್ತ ವಾಪಸ್ ಬಂದರು. ಆ ಹೊತ್ತಿಗೆ ಉಳಿದವರನ್ನು ಇಟ್ಟುಕೊಂಡು ಮಾಸ್ತರರು ಎರಡನೆಯ ಅರ್ಧವನ್ನು ಮುಗಿಸಿದ್ದರು. ಖಾಲಿ ಕುರ್ಚಿಗಳ ನಡುವೆ ಅಲ್ಲಲ್ಲಿ ಕೆಲವರು ಕೂತಿದ್ದೆವು.

ಮರುದಿನ ಮಾಸ್ತರರು ಮೂರನೆಯ ಭಾಗದ ಹಾಳೆಗಳನ್ನೆಲ್ಲ ಎಲ್ಲರಿಂದ ವಾಪಸ್ ತೆಗೆದುಕೊಂಡರು. ಕಾರಣ ಕೇಳಿದವರಿಗೆ "ಮೂರನೇದು ತಗದೀನಿ" ಎಂದಷ್ಟೇ ಹೇಳಿದರು. ಆಮೇಲೆ ಸಿಂಫನಿಯನ್ನು ಎಷ್ಟು ಸಲ ನುಡಿಸಿದರೂ ಮೂರೇ ಭಾಗ. ಕಾರಣವನ್ನು ಕಾರ್ಖಾನೆಯೇ ಕಟ್ಟಿಕೊಂಡಿತು: ಜನ ಎದ್ದು ಹೋದರು, ಕ್ಲಾರಿನೆಟ್ಟಿನವರೂ ಎದ್ದು ಹೋದರು, ಮಾಸ್ತರರಿಗೆ ನೋವಾಯಿತು. ಜನ ಎಂದರೆ ಯಾರೂ ಅಲ್ಲ. ಹಾಗಾಗಿ ಅದೆಲ್ಲ ಒಬ್ಬರ ತಲೆಯ ಮೇಲೆ ಬಂದು ಕೂತಿತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೊಂಡಾಪುರದ ಬಂಡೆಗಳ ನಡುವೆ ಗಾಜಿನ ಆಫೀಸುಗಳು ಎದ್ದವು. ಕಾರ್ಖಾನೆಗೆ ಬರುವ ಕೆಲಸ ಕಡಿಮೆಯಾಯಿತು. ಸ್ವಯಂ ನಿವೃತ್ತಿಯ ಸುತ್ತುಗಳು ಬಂದವು. ವಾದ್ಯವೃಂದ ನಿಂತಿತು. ಸುತ್ತ ಅಪಾರ್ಟ್‌ಮೆಂಟುಗಳು ಬಂದ ಮೇಲೆ ಅಲ್ಲಿಯವರ ದೂರಿನಿಂದ ಭೋಂಗಾವೂ ನಿಂತಿತು. ಅದನ್ನು ಕೇಳಿ ಏಳಬೇಕಾದವರೂ ಹೆಚ್ಚು ಉಳಿದಿರಲಿಲ್ಲ. ಮಾಸ್ತರರು ಮಣಿಕೊಂಡದಲ್ಲಿ ಮಗಳ ಕುಟುಂಬದ ಜೊತೆ ಒಂದು ಫ್ಲಾಟಿನಲ್ಲಿದ್ದರು.

ಹಳೆಯ ಕೆಲಸಗಾರರು ವರ್ಷಕ್ಕೊಮ್ಮೆ ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಸೇರುತ್ತಿದ್ದರು. ಮಿರ್ಚಿ ಭಜಿಯ ಒಂದು ಅಂಗಡಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅಣ್ಣನ ಜೊತೆ ನಾನೂ ಹೋಗುತ್ತಿದ್ದೆ. ಕ್ಲಾರಿನೆಟ್ಟಿನವರು ಬಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು:

"ಏನ್ ಮಿಯಾ, ಪಂಚ್ ಮಾಡಿ ಬಂದ್ರ್ಯಾ?"

"ನಿನ್ನ ಕಾರ್ಡೂ ನಾನ ಒತ್ತಿ ಬಂದೀನಿ. ಕುಂದ್ರು, ಭಜಿ ತಿನ್ನು," ಎನ್ನುತ್ತಿದ್ದರು ಅವರು. ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು.

ಒಂದು ವರ್ಷ ಅವರು ನನ್ನನ್ನು ಪಕ್ಕಕ್ಕೆ ಕರೆದರು. ನಡೆದರೆ ಏದುಸಿರು. ಫೋರ್ಜಿನ ಹೊಗೆ ಒಳಗೇ ಉಳಿದಿದೆ, ಊದುವುದನ್ನು ಬಿಡಿ ಎಂದು ಡಾಕ್ಟರು ಹೇಳಿದ್ದರು.

"ಪೇಪರ್ ಸಾಬ್, ನಿಮಗ ಒಂದು ಮಾತು ಹೇಳ್ಬೇಕು. ಕೊಂಡಾಪುರದಾಗ ಒಂದು ಕಂಪನಿ ಹುಡುಗ್ರು ಮಾಸ್ತರ್ದು ಸಿಂಫನಿ ಬಾರಸ್ತಾರಂತ. ನಮ್ಮ ವೆಲ್ಡರ್ ರಾವ್ ಮಗಳು ಇದ್ದಾಳಲ್ಲ, ಆಕಿನ ಮಾಡಸಾಕತ್ತಾಳ. ನಾಲ್ಕೂ ಭಾಗ ಮಾಡ್ತೀನಿ ಅಂತಾಳ. ಮಾಸ್ತರ್ ಮೂರನೇದು ಕೊಡಾಂಗಿಲ್ಲ ಅಂದಾರ."

"ಅವರು ತೆಗೆದು ಹಾಕಿದ್ದು. ಬೇಡ ಅನ್ನುವ ಹಕ್ಕು ಅವರಿಗಿದೆಯಲ್ಲ, ಭಾಯ್?"

"ಅದು ಐತಿ. ಅವರ್ದು ಐತಿ, ನಾ ಏನ್ ಇಲ್ಲ ಅಂತೀನಾ? ಆದ್ರ ಅದು ಕೆಟ್ಟದ್ದು ನನ್ನ ಕಾಲಿಂದ. ಭೋಂಗಾ ಆದಮ್ಯಾಲ ನಂದು ಸ್ವಲ್ಪ ಇತ್ತು, ಮುಗಿಸಲಿಲ್ಲ. ಒಂದು ಸಲ ಕುಂತು ಮುಗಿಸ್ತೀನಿ. ಈ ವರ್ಷ ಆಗ್ತದ. ಮುಂದಿನ ವರ್ಷ ನನ್ನ ದಮ್ ಇರಾಂಗಿಲ್ಲ. ನೀವು ಹೇಳಿದ್ರ ಕೇಳ್ತಾರ."

ಹೇಳುವುದಾಗಿ ನಾನು ಮಾತು ಕೊಡಲಿಲ್ಲ. ಕೇಳಿ ನೋಡುತ್ತೇನೆ ಎಂದೆ.

ಮಣಿಕೊಂಡದ ಫ್ಲಾಟಿಗೆ ಹೋದಾಗ ಮಾಸ್ತರರು ಬಾಲ್ಕನಿಯಲ್ಲಿ ಕೂತು ಎದುರಿನ ಕಟ್ಟಡದ ಸೆಂಟ್ರಿಂಗ್ ನೋಡುತ್ತಿದ್ದರು. ಕಲಬುರಗಿ ಕಡೆಯ ಕೂಲಿಗಳು ಕೆಳಗೆ ಕನ್ನಡದಲ್ಲಿ ಕೂಗಾಡುತ್ತಿದ್ದರು. ಮಾಸ್ತರರ ಹೆಂಡತಿಯನ್ನು ನಾನು ವೈನಿ ಎಂದೇ ಕರೆಯುತ್ತಿದ್ದೆ. ವೈನಿ ಚಹಾ ತಂದು ಅಲ್ಲೇ ಬಾಗಿಲಿಗೆ ಒರಗಿ ನಿಂತರು. ನಾನು ವಿಷಯ ಹೇಳಿದೆ.

ಮಾಸ್ತರರು ಕೇಳಿದರು: "ಅವತ್ತು ನೀವು ಏಳಲಿಲ್ಲ. ಕಡೀತನಕ ಕುಂತಿದ್ರಿ. ಹ್ಯಾಂಗಿತ್ತು?"

"ಭೋಂಗಾದ ತನಕ ಬಹಳ ಚೆನ್ನಾಗಿತ್ತು."

"ಆಮ್ಯಾಲ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. "ಆಮೇಲಿನದು ನನಗೆ ನೆನಪಿಲ್ಲ."

"ಅದ ನೋಡ್ರಿ. ನೆನಪಿರೂಹಂಗ ಇರಲಿಲ್ಲ. ಅದಕ್ಕ ತಗದೆ. ಮಂದಿ ಎದ್ದುಹೋದ್ರು ಅಂತಲ್ಲ. ಅವರು ಎದ್ದುಹೋದದ್ದ ಚಲೋ ಆತು, ಕೇಳಲಿಲ್ಲ."

"ತಿದ್ದಬಹುದಿತ್ತಲ್ಲ?"

"ತಿದ್ದಿದೆ. ವರ್ಷಗಟ್ಟಲೆ ತಲಿಯೊಳಗ ತಿದ್ದಿದೆ. ಭೋಂಗಾ ಆದಮ್ಯಾಲ ಏನು ಹೇಳಬೇಕು ಅನ್ನೂದು ನನಗ ಗೊತ್ತಿರಲಿಲ್ಲ. ಭೋಂಗಾ ಆದ್ರ ಮನಷ್ಯಾ ಮನೀಗೆ ಹೋಗ್ತಾನ, ಇಲ್ಲಾ ಕೆಲಸಕ್ಕ ಹೋಗ್ತಾನ. ಅಲ್ಲಿ ಸಂಗೀತ ಎಲ್ಲಿಂದ ಬರಬೇಕು?"

"ಅವರು ತಮ್ಮಿಂದ ಕೆಟ್ಟಿತು ಅಂದುಕೊಂಡಿದ್ದಾರೆ."

"ಗೊತ್ತೈತಿ." ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟರು. "ಮಂದಿ ಎದ್ದುಹೋದ್ರು ಅಂತ ತಗದ ಅಂದ್ರ ನಾಕ ಮಂದಿ ನಗತಾರ. ಬರಿಯಾಕ ಬರಲಿಲ್ಲ ಅಂತ ತಗದ ಅಂದ್ರ ಯಾರೂ ನಗಾಂಗಿಲ್ಲ, ಸುಮ್ಮನಾಗಿಬಿಡತಾರ. ನಗೂದ ಚಲೋ ಅನಿಸ್ತು."

ವೈನಿ ಬಾಗಿಲಲ್ಲಿಂದಲೇ ಹೇಳಿದರು: "ಮಂದಿ ನಕ್ಕಿದ್ದು ನಿಮ್ಮನ್ನಲ್ಲ, ಅವರನ್ನ." ಆಮೇಲೆ ನನ್ನ ಕಡೆ ತಿರುಗಿ, "ಹೇಳ್ರಿ ಹೇಳ್ರಿ ಅಂತ ಎಷ್ಟ ವರ್ಷದಿಂದ ಬಡಕೊಂಡೀನಿ, ತಮ್ಮಾ. ಬೋಲ್ಟಿನಾಗ ಕೂದಲದಷ್ಟು ಊನ ಇದ್ರ ಹಿಡಿಯೂ ಮನಷ್ಯಾ ಇವರು," ಎಂದರು.

ಮುಂದಿನ ವಾರ ಮಾಸ್ತರರು ಕ್ಲಾರಿನೆಟ್ಟಿನವರನ್ನು ಮನೆಗೆ ಕರೆಸಿದರು, ನನ್ನನ್ನೂ ಬರಹೇಳಿದರು. ನಿಜ ಹೇಳುವುದು ಅವರ ಉದ್ದೇಶವಾಗಿತ್ತು. ಹೇಳಿದರೂ ಕೂಡ. ನಾನು ಅಲ್ಲೇ ಕೂತಿದ್ದೆ.

"ನೋಡು ಭಾಯ್, ನೀ ಎದ್ದುಹೋದದ್ದಕ್ಕ ಅಲ್ಲ. ಎರಡನೇ ಅರ್ಧ ನಾ ಬರದದ್ದ ಸರಿ ಇರಲಿಲ್ಲ."

ಕ್ಲಾರಿನೆಟ್ಟಿನವರು ನಕ್ಕರು. "ಮಾಸ್ತರ್, ನನ್ನ ಸಲುವಾಗಿ ನಿಮ್ಮ ಚೀಜ್‌ನ ಯಾಕ ಹಳಿತೀರಿ?"

"ನಿನ್ನ ಸಲುವಾಗಿ ಅಲ್ಲೋ ಮಾರಾಯಾ. ಖರೇನ ಚಲೋ ಇಲ್ಲ ಅದು."

"ಮೊದಲನೇದು ಅಷ್ಟು ಚಲೋ ಬರದೀರಿ. ಎರಡನೇದು ಚಲೋ, ನಾಲ್ಕನೇದು ಚಲೋ. ಇದೇ ಅರ್ಧ ಚಲೋ ಇಲ್ಲ ಅಂದ್ರ ಯಾರು ನಂಬ್ತಾರ? ನೀವು ಭಾಳ ದೊಡ್ಡವ್ರು. ಇಷ್ಟು ವರ್ಷ ನನಗ ಒಂದು ಮಾತು ಅನಲಿಲ್ಲ. ಈಗೂ ಅನ್ನಾಂಗಿಲ್ಲ, ನನಗ ಗೊತ್ತು."

ಮಾಸ್ತರರು ಮತ್ತೆ ಹೇಳಿದರು. ಬೇರೆ ಮಾತಿನಲ್ಲಿ ಹೇಳಿದರು. ವೈನಿಯನ್ನು ಸಾಕ್ಷಿಗೆ ಕರೆದರು. ಹೇಳಿದಷ್ಟೂ ಅವರ ದೊಡ್ಡತನ ಎದುರಿನವರ ಕಣ್ಣಲ್ಲಿ ಹೆಚ್ಚುತ್ತ ಹೋಯಿತು. ಕೊನೆಗೆ ಕ್ಲಾರಿನೆಟ್ಟಿನವರ ಕಣ್ಣು ತುಂಬಿತು. ಮಾಸ್ತರರು ಎದ್ದು ಒಳಗೆ ಹೋಗಿ, ಟ್ರಂಕಿನಿಂದ ಹಾಳೆಗಳ ಕಟ್ಟು ತಂದು ಅವರ ತೊಡೆಯ ಮೇಲೆ ಇಟ್ಟರು.

"ಹಂಗಾದ್ರ ಬಾರಸು. ಬಾರಿಸಿ ನೀನ ಕೇಳು. ಆದ್ರ ಮಂದಿ ಮುಂದ ಬ್ಯಾಡ. ಮೊದಲ ಒಂದ್ಸಲ ನಾವ ಕೇಳೂಣು. ಆಮ್ಯಾಲ ಮಂದೀಗೆ ಕೇಳಸೂದೋ ಬ್ಯಾಡೋ, ನೀನ ಹೇಳು."

ಹೀಗೆ ಆ ತೀರ್ಮಾನ ಬರೆದವರ ಕೈಯಿಂದ ಊದುವವರ ಕೈಗೆ ಹೋಯಿತು.

ವೆಲ್ಡರ್ ಮಗಳು ಬಾಲ್ಯದಲ್ಲಿ ಮಾಸ್ತರರ ಹತ್ತಿರ ಪಿಟೀಲು ಕಲಿತವಳು. ಈಗ ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅಲ್ಲಿ ಸಂಗೀತ ಬಲ್ಲ ಎಂಜಿನಿಯರುಗಳನ್ನು ಸೇರಿಸಿ ಒಂದು ಗುಂಪು ಕಟ್ಟಿದ್ದಳು. ಅವರೆಲ್ಲ ಶನಿವಾರ ಮಧ್ಯಾಹ್ನ ಆಫೀಸಿನ ತರಬೇತಿ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ನಾವು ಮೂವರೂ ಹೋದಾಗ ಆಕೆ ಗೇಟಿಗೇ ಬಂದು, ನಮಗೆ ಕುತ್ತಿಗೆಗೆ ಹಾಕುವ ಪಾಸು ಕೊಡಿಸಿ ಒಳಗೆ ಕರೆದುಕೊಂಡು ಹೋದಳು. ಕ್ಲಾರಿನೆಟ್ಟಿನವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು.

"ಮಾಸ್ಟಾರು, ಸೈರನ್ ಸೌಂಡ್ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಸ್ವರ ಸರಿ ಹೊಂದಿಸಿದ್ದೇನೆ," ಎಂದಳು ತೆಲುಗು ಬೆರೆತ ಹಿಂದಿಯಲ್ಲಿ.

"ಬ್ಯಾಡವಾ. ಭೋಂಗಾದ ಜಾಗಾ ಖಾಲಿ ಬಿಡು. ನಾ ಕೈ ಎತ್ತಿ ಹಿಡೀತೀನಿ," ಎಂದರು ಮಾಸ್ತರರು. ಆಕೆಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಕೈ ನೋಡಿ ತಿಳಿದುಕೊಂಡಳು.

ಶುರುವಾಯಿತು. ಎ.ಸಿ. ಕೋಣೆ, ಬಾಗಿಲು ಹಾಕಿತ್ತು, ಹೊರಗಿನ ಯಾವ ಸದ್ದೂ ಇರಲಿಲ್ಲ. ಹುಡುಗರು ಕಾರ್ಖಾನೆಯವರಿಗಿಂತ ಚೊಕ್ಕವಾಗಿ ನುಡಿಸಿದರು. ಒಂದೊಂದೇ ವಾದ್ಯ ನಿಂತು ಕ್ಲಾರಿನೆಟ್ ಒಂಟಿಯಾಯಿತು. ಉಸಿರು ಎರಡು ಕಡೆ ತುಂಡಾಯಿತು. ಅವರು ಮತ್ತೆ ಹಿಡಿದು ಮೇಲೇರಿದರು. ಕೊನೆಯ ಸ್ವರ ಹಿಂದಿನಷ್ಟು ಉದ್ದ ಬರಲಿಲ್ಲ, ಆದರೆ ಬಂತು. ಅಲ್ಲಿಗೆ ಮಾಸ್ತರರು ಕೈ ಎತ್ತಿದರು.

ಹಿಂದೆ ಭೋಂಗಾ ಕೂಗುತ್ತಿದ್ದಷ್ಟು ಹೊತ್ತು ಕೈ ಮೇಲೇ ಇತ್ತು. ಯಾರೂ ಏಳಲಿಲ್ಲ. ಕ್ಲಾರಿನೆಟ್ಟಿನವರ ಕಾಲುಗಳು ಕುರ್ಚಿಯ ಕಾಲಿಗೆ ಹೆಣೆದುಕೊಂಡಿದ್ದವು. ಆಮೇಲೆ ಕೈ ಇಳಿಯಿತು, ಎರಡನೆಯ ಅರ್ಧ ಶುರುವಾಯಿತು.

ನನಗೆ ಯಾಕೆ ಅದು ನೆನಪಿರಲಿಲ್ಲ ಎಂಬುದು ಕೂಡಲೇ ತಿಳಿಯಿತು. ಪಿಟೀಲುಗಳು ಮೊದಲಿನದನ್ನೇ ಮತ್ತೆ ಎತ್ತಿಕೊಂಡವು, ಸ್ವಲ್ಪ ಜೋರಾಗಿ. ಹಿತ್ತಾಳೆಯವರು ಅದನ್ನು ಒಪ್ಪಿದರು. ತಪ್ಪು ಎನ್ನುವಂಥದ್ದು ಏನೂ ಇರಲಿಲ್ಲ. ಕ್ಲಾರಿನೆಟ್ಟಿಗೆ ನಡುವೆ ಒಂದು ಚಿಕ್ಕ ತುಣುಕು ಬಂತು. ಪಿಟೀಲುಗಳು ಆಗಲೇ ಹೇಳಿದ್ದನ್ನು ಅದು ಇನ್ನೊಮ್ಮೆ ಹೇಳಿತು. ಅವರು ಅದನ್ನು ಒಂದೂ ಸ್ವರ ಬಿಡದೆ ಊದಿದರು. ಮತ್ತೆ ಎಲ್ಲರೂ ಸೇರಿದರು, ಮುಗಿಯಿತು.

ಕ್ಲಾರಿನೆಟ್ಟಿನವರು ಮುಂದಿನದಕ್ಕೆ ಕಾಯುವವರ ಹಾಗೆ ವಾದ್ಯವನ್ನು ತುಟಿಯ ಹತ್ತಿರವೇ ಹಿಡಿದು ಮಾಸ್ತರರ ಮುಖ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಇಳಿಸಿದರು.

"ಬಸ್?" ಎಂದರು. "ಇತ್ನಾಚ್?"

"ಇಷ್ಟ," ಎಂದರು ಮಾಸ್ತರರು.

ಹುಡುಗರು ಚಪ್ಪಾಳೆ ತಟ್ಟಿದರು. ಇಬ್ಬರು ಮುದುಕರಿಗೆ ಗೌರವ ಕೊಟ್ಟ ಚಪ್ಪಾಳೆ ಅದು. ಕಾರ್ಯಕ್ರಮದಲ್ಲಿ ಇದನ್ನು ಸೇರಿಸೋಣವೇ ಎಂದು ಹುಡುಗಿ ಕೇಳಿದಳು. ಮಾಸ್ತರರು ಕ್ಲಾರಿನೆಟ್ಟಿನವರ ಕಡೆ ನೋಡಿದರು. ಅವರು ವಾದ್ಯವನ್ನು ಬಿಚ್ಚಿ ಒಂದೊಂದೇ ತುಂಡನ್ನು ಬಟ್ಟೆಯಿಂದ ಒರೆಸುತ್ತಿದ್ದರು.

"ನಕ್ಕೋ ಬೇಟಿ," ಬೇಡ ಎಂದರು, ತಲೆ ಎತ್ತದೆ.

ವಾಪಸ್ ಬರುವಾಗ ಮಾಸ್ತರರನ್ನು ಮಣಿಕೊಂಡದಲ್ಲಿ ಇಳಿಸಿದೆವು. ಅವರು ಹಾಳೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಆಟೋದ ಪಕ್ಕ ನಿಂತರು. "ಊಟ ಮಾಡಿ ಹೋಗ್ರಿ," ಎಂದರು. ಕ್ಲಾರಿನೆಟ್ಟಿನವರು ಇನ್ನೊಮ್ಮೆ ಬರುತ್ತೇನೆ ಎಂದರು. ಆಟೋ ಹೊರಟಿತು. ಮೆಹದಿಪಟ್ಟಣದ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಹೇಳಿದರು:

"ಖರೇ ಹೇಳಿದ್ರಲ್ಲ ಮಾಸ್ತರ್. ನಾ ನಂಬಲಿಲ್ಲ."

"ಒಳ್ಳೆಯದೇ ಆಯಿತಲ್ಲ, ಭಾಯ್. ನಿಮ್ಮ ತಪ್ಪು ಅಲ್ಲ ಅಂತ ಆಯಿತು."

"ಹೌದು." ಪೆಟ್ಟಿಗೆಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. "ಇಷ್ಟು ದಿನ ತಿಳ್ಕೊಂಡಿದ್ದೆ, ಒಂದು ದೊಡ್ಡ ಚೀಜ್ ಇತ್ತು, ನನ್ನಿಂದ ಹೋಯ್ತು ಅಂತ. ಹೋಗಿತ್ತು, ಆದ್ರ ಇತ್ತು. ಈಗ ಅದೂ ಇಲ್ಲ, ತಪ್ಪೂ ಇಲ್ಲ."



ಕಂಪನಿಯ ಕಾರ್ಯಕ್ರಮದಲ್ಲಿ ಮೂರು ಭಾಗ ನುಡಿಸಿದರು, ಚೆನ್ನಾಗಿಯೇ ನುಡಿಸಿದರು. ನಾನು ಒಂದು ಚಿಕ್ಕ ವರದಿ ಕಳಿಸಿದೆ. ಸಿಂಫನಿ ಎಂದರೆ ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತದಲ್ಲ, ಇಲ್ಲಿ ಮೂರು ಎಂದು ತಪ್ಪಾಗಿ ಬಂದಿದೆಯೇ ಎಂದು ಡೆಸ್ಕಿನಿಂದ ಫೋನು ಬಂತು. ಮೂರೇ, ಸರಿಯಾಗಿದೆ ಎಂದೆ.

ಮುಂದಿನ ಜನವರಿಯಲ್ಲಿ ನಾಂಪಲ್ಲಿಯಲ್ಲಿ ಅದೇ ಅಂಗಡಿಯ ಮುಂದೆ ಹಳಬರು ಕೂತಿದ್ದರು, ಹಿಂದಿನ ವರ್ಷಕ್ಕಿಂತ ಕಡಿಮೆ ಜನ. ಮಾಸ್ತರರು ಬಂದಿರಲಿಲ್ಲ. ಕ್ಲಾರಿನೆಟ್ಟಿನವರು ಮೊಮ್ಮಗಳ ಕೈ ಹಿಡಿದು ನಿಧಾನವಾಗಿ ನಡೆದು ಬಂದರು. ದೂರದಿಂದಲೇ ಒಬ್ಬರು ಕೂಗಿದರು:

"ಏನ್ ಮಿಯಾ, ಪಂಚ್ ಮಾಡಿ ಬಂದ್ರ್ಯಾ?"

ಎಲ್ಲರೂ ಉತ್ತರಕ್ಕೆ ಮೊದಲೇ ನಗಲು ಸಿದ್ಧರಾಗಿ ಅವರ ಕಡೆ ನೋಡಿದರು. ಅವರು ಕುರ್ಚಿ ಹಿಡಿದು ಉಸಿರು ಸುಧಾರಿಸಿಕೊಂಡರು. ಆಮೇಲೆ ಕೂತು, ಹುಡುಗಿಗೆ ಒಂದು ಭಜಿ ಮುರಿದು, ಊದಿ ಆರಿಸಿ ಕೊಟ್ಟರು. ಇವರಿಗೆ ಕೇಳಿಸಲಿಲ್ಲವೇನೋ ಎಂದು ಕೂಗಿದವರಿಗೆ ಎನಿಸಿತು. ಇನ್ನೊಮ್ಮೆ ಕೇಳಿದರು. ನನ್ನಿಂದ ಎಲ್ಲ ತಿಳಿದಿದ್ದ ಅಣ್ಣ ಕೂಗಿದವರಿಗೆ ಸಾಕು ಎಂದು ಕಣ್ಸನ್ನೆ ಮಾಡಿದ. ಮಾತು ಬೇರೆ ಕಡೆಗೆ ಹೋಯಿತು.